ತಲೆಯ ಮೇಲಿನ ಫೇಟಿಯಾ

"ಏ ಘಾಂಟಿ, ಉಠ್. ಸಮುಂದರ್ ತೇರೆ ಬಾಪ್ ಕಾ ಹೈ ಕ್ಯಾ?"

ಹೊಟೇಲಿನ ಮೆನೇಜರ್ ದಳವಿಯ ಬಿಳಿ ಬೂಟಿನ ತುದಿ ಚಾದರದ ಅಂಚಿನಡಿ ತೂರಿ ಮೇಲೆದ್ದಿತು. ಹಾಸಿಟ್ಟಿದ್ದ ಕೈಚೀಲ, ದಿಂಬಿನ ಹೊದಿಕೆ, ಕವಡೆಯ ಸೊಂಟಪಟ್ಟಿ, ಎಲ್ಲದರ ಮೇಲೂ ಮರಳು ಸುರಿಯಿತು. ರಾಮಿಬಾಯಿ ಏಳಲಿಲ್ಲ. ನಡುವೆ ಹರವಿದ್ದ ಕೆಂಪು ಫೇಟಿಯಾದ ಮೇಲೆ ಎರಡೂ ಕೈ ಊರಿ ಕೂತಳು, ಮಳೆಯಲ್ಲಿ ಕೂಸಿನ ನೆತ್ತಿಗೆ ಅಂಗೈ ಹಿಡಿದವರ ಹಾಗೆ.

ಘಟ್ಟದ ಮೇಲಿಂದ ಹೊಟ್ಟೆಪಾಡಿಗೆ ಇಳಿದು ಬಂದವರಿಗೆಲ್ಲ ಗೋವೆಯಲ್ಲಿ ಘಾಂಟಿ ಎಂಬ ಒಂದೇ ಹೆಸರು. ಆ ಬೈಗುಳ ಅವಳ ಕಿವಿಗೆ ಹಳೆಯದು. ಬಾಣಾವಲಿಯ ಈ ದಂಡೆಯಿಂದ ದಳವಿ ಬಟ್ಟೆ ಮಾರುವ ಲಂಬಾಣಿ ಹೆಂಗಸರನ್ನು ಎಬ್ಬಿಸುವುದೂ ಹೊಸದಲ್ಲ. ಎಬ್ಬಿಸಿದರೆ ಗಂಟು ಕಟ್ಟಿಕೊಂಡು ಅತ್ತ ಹೋಗುವುದು, ಅವನು ಒಳಗೆ ಹೋದ ಮೇಲೆ ಮತ್ತೆ ಬಂದು ಹಾಸುವುದು ನಡೆದೇ ಇತ್ತು. ಇವತ್ತು ಮಾತ್ರ ಅವನ ಹಿಂದೆ ಹುಲ್ಲಿನ ಟೊಪ್ಪಿಗೆಯ ಬಿಳಿ ಹೆಂಗಸೊಬ್ಬಳು ನಿಂತಿದ್ದಳು. ಬಿಸಿಲಿಗೆ ಬೆಂದ ಮೂಗು, ಮುಖದಲ್ಲಿ ಕೆಟ್ಟತನವೇನೂ ಇಲ್ಲ. ಆಕೆಗೆ ಆ ಕೆಂಪು ಫೇಟಿಯಾ ಬೇಕಾಗಿತ್ತು. ರಾಮಿಬಾಯಿ 'ನೋ ಸೆಲ್' ಅಂದಿದ್ದಳು. ಆಕೆ ಬೆಲೆ ಏರಿಸಿದಷ್ಟೂ ರಾಮಿಬಾಯಿ ತಲೆ ಅಲ್ಲಾಡಿಸಿದ್ದಳು. ಕಡೆಗೆ ಆಕೆ ನಗುತ್ತಲೇ ಹೊಟೇಲಿಗೆ ಹೋಗಿ ದಳವಿಯನ್ನು ಕರೆತಂದಿದ್ದಳು.

ಲಂಬಾಣಿಗರಲ್ಲಿ ಮಗಳ ಮದುವೆಯ ಫೇಟಿಯಾವನ್ನು, ಆ ಕನ್ನಡಿ ಹೊಲಿದ ಲಂಗವನ್ನು, ತಾಯಿಯೇ ಹೊಲಿಯಬೇಕು. ಕೊಂಡು ತಂದದ್ದು ನಡೆಯುವುದಿಲ್ಲ, ಮಾರುವ ಮಾತಂತೂ ಇಲ್ಲವೇ ಇಲ್ಲ. ಮದುವೆಯ ದಿನ ಗಂಡಿನ ಕಡೆಯ ಹೆಂಗಸರು ಅದರ ಅಂಚು ತಿರುವಿ ಒಳಹೊಲಿಗೆ ನೋಡುತ್ತಾರೆ. ರಾಮಿಬಾಯಿ ಇದಕ್ಕೆ ಸೂಜಿ ಹಾಕಿದ್ದು ಮಗಳು ಲಾಲಿ ಮೈನೆರೆದ ವರ್ಷ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಗೇಣು, ಬಸ್ಸಿಗೆ ಕಾಯುವಾಗ ಒಂದು ಬೆರಳು, ಹೀಗೆ ಬೆಳೆದ ಬಟ್ಟೆ ಅದು. ಅಂಚಿಗೆ ತನ್ನ ತಾಯಿಯ ಹರಿದ ಫೇಟಿಯಾದಿಂದ ಬಿಚ್ಚಿದ ಹಿತ್ತಾಳೆ ಗೆಜ್ಜೆ ಪೋಣಿಸಿದ್ದಳು. ಹೋಳಿ ಹುಣ್ಣಿಮೆ ಕಳೆದ ಮೇಲೆ ಮುದ್ದೇಬಿಹಾಳದ ಕಡೆಯ ತಾಂಡಾದಲ್ಲಿ ಲಾಲಿಯ ಮದುವೆ.

ಅಂಥದ್ದನ್ನು ಮರಳಿನ ಮೇಲೆ ಯಾಕೆ ಹಾಸಿದಳು? ಅದು ಅವಳ ವ್ಯಾಪಾರದ ವರಸೆ. ನಡುವೆ ಒಂದು ಬೆಂಕಿಯಂಥ ಕೆಂಪು ಕಂಡರೆ ದೂರದ ಗಿರಾಕಿ ತಾನಾಗಿ ನಡೆದು ಬರುತ್ತಾನೆ. ಬಂದವನು ಅದು ಸಿಗದೆ ಒಂದು ಕೈಚೀಲವನ್ನಾದರೂ ಒಯ್ಯುತ್ತಾನೆ. ಜೊತೆಯ ಹಿರಿಯಳು ಮಂಗಿಬಾಯಿ ಎಷ್ಟೋ ಸಲ ಹೇಳಿದ್ದಳು, ಮಗಳ ಲಗ್ನಾನ ಬಲಿಗಿ ಹಾಕಿ ಮೀನ ಹಿಡೀಬ್ಯಾಡ ಅಂತ. ರಾಮಿಬಾಯಿ ನಕ್ಕುಬಿಟ್ಟಿದ್ದಳು. ಗುಡಿಸಲಿಗೆ ಬಾಗಿಲೆಂದರೆ ಒಂದು ಗೋಣಿತಟ್ಟು. ಅಲ್ಲಿಡುವುದಕ್ಕಿಂತ ಕಣ್ಣೆದುರು ಇದ್ದರೆ ಚಲೋ ಎಂದು ಅವಳ ಲೆಕ್ಕ.

ದಳವಿ ವಾಚ್‌ಮನ್ ಕಂಠೆಪ್ಪನನ್ನು ಕರೆದು ಎಲ್ಲವನ್ನೂ ಗಂಟು ಕಟ್ಟಲು ಹೇಳಿದ. ಕಂಠೆಪ್ಪ ಬಾಗೇವಾಡಿ ಕಡೆಯವನು. ಹೊಟೇಲಿನ ಖಾಕಿ ಅಂಗಿ ತೊಟ್ಟ ಮೇಲೆ ಊರ ಮಾತನ್ನು ಮೆಲ್ಲಗೆ ಆಡುತ್ತಿದ್ದ.

"ಕಂಠೆಪ್ಪಣ್ಣಾ, ಉಳಿದದ್ದೆಲ್ಲಾ ಒಯ್ಯಿ. ಇದೊಂದು ನನ್ನ ಮಗಳ ಲಗ್ನದ್ದೈತಿ, ಬಿಡು."

"ಲಗ್ನದ್ದಿದ್ರ ಮನ್ಯಾಗ ಇಡಬೇಕಿತ್ತವಾ. ಸಾಹೇಬ್ರು ಹೇಳ್ಯಾರ. ಕೈ ಹಿಡೀಬ್ಯಾಡ, ನನ್ನ ನೌಕರಿ ಹೊಕ್ಕೈತಿ."

ಗಂಟು ಹೊಟೇಲಿನ ಗೋದಾಮಿಗೆ ಹೋಯಿತು. ಹೋಗುವಾಗ ದಳವಿ, ಪೊಲೀಸರಿಂದ ಪರವಾನಗಿ ತಂದು ಬಿಡಿಸಿಕೊಂಡು ಹೋಗು ಅಂದ. ಕಡಲ ದಂಡೆಯಲ್ಲಿ ಕೂರಲು ಘಾಂಟಿಗೆ ಯಾವ ಪೊಲೀಸ ಪರವಾನಗಿ ಕೊಟ್ಟಾನು? ಅದು ಅವನಿಗೂ ಗೊತ್ತಿತ್ತು.

*

ಅದಾದ ವಾರದೊಳಗೆ ಗಲಾಟೆ ಹೊತ್ತಿಕೊಂಡಿತು. ಎಂಬತ್ತಾರರ ಡಿಸೆಂಬರ್. ಗೋವೆಯ ಆಡಳಿತಭಾಷೆ ಕೊಂಕಣಿಯಾಗಬೇಕೋ ಮರಾಠಿಯಾಗಬೇಕೋ ಎಂಬ ಜಗಳ ಮೊದಲು ಭಾಷಣದಲ್ಲಿತ್ತು, ಆಮೇಲೆ ಬೀದಿಗೆ ಬಂತು. ಮಡಗಾಂವದ ರಸ್ತೆಗಳಿಗೆ ಮರ ಕಡಿದು ಅಡ್ಡ ಬೀಳಿಸಿದರು. ಬಸ್ಸು ನಿಂತವು, ಹಾಲು ನಿಂತಿತು, ಪಾವ್‌ರೊಟ್ಟಿ ಮಾರುವ ಸೈಕಲ್ಲಿನ ಪೋಂ ಪೋಂ ನಿಂತಿತು. ಫೋಂಡಾದ ಕಟ್ಟಡದ ಕೆಲಸಕ್ಕೆ ಹೋಗಿದ್ದ ರಾಮಿಬಾಯಿಯ ಗಂಡ ಸೋಮಲಪ್ಪ ಅಲ್ಲೇ ಸಿಕ್ಕಿಬಿದ್ದ. ಅವನು ಸುಖವಾಗಿದ್ದಾನೆಂದು ಹೇಳುವವರಿರಲಿಲ್ಲ, ಇಲ್ಲವೆಂದು ಹೇಳುವವರೂ ಇರಲಿಲ್ಲ.

ಕಡಲು ಮಾತ್ರ ಎಂದಿನಂತೆ ಬಂದು ಹೋಗುತ್ತಿತ್ತು. ದಂಡೆಯ ಮೇಲೆ ಒಬ್ಬ ಪ್ರವಾಸಿಯೂ ಇಲ್ಲ. ಗರಿ ಹೊದಿಸಿದ ಅಂಗಡಿಗಳು ಬಾಗಿಲು ಹಾಕಿದವು. ಹೊಸಬರು ಬರುತ್ತಿಲ್ಲ, ಬಂದವರು ಹೊಟೇಲಿನೊಳಗೆ ಬಾಗಿಲು ಹಾಕಿಕೊಂಡು, ಪೆಟ್ಟಿಗೆ ತುಂಬಿಟ್ಟುಕೊಂಡು, ಯಾವಾಗ ಹೋದೇವು ಎಂದು ಫೋನಿನ ಸುತ್ತ ಕೂತಿದ್ದರು. ತೆಂಗಿನ ತೋಟದ ಹಿಂದಿನ ಗುಡಿಸಲುಗಳಲ್ಲಿ ಲಂಬಾಣಿ ಹೆಂಗಸರು ಗಂಜಿಯನ್ನು ನೀರಾಗಿಸುತ್ತ, ನೀರನ್ನು ಇನ್ನೂ ನೀರಾಗಿಸುತ್ತ ದಿನ ತಳ್ಳುತ್ತಿದ್ದರು.

"ಕೊಂಕಣಿ ಗೆದ್ರೂ ನಮಗ ಘಾಂಟಿ ಅಂತಾರ, ಮರಾಠಿ ಗೆದ್ರೂ ಘಾಂಟಿ ಅಂತಾರ," ಎಂದಳು ಮಂಗಿಬಾಯಿ ಎಲೆಅಡಿಕೆ ಉಗುಳಿ. "ನಮ್ಮ ಹೆಸರೊಂದ ಗಟ್ಟಿ ನೋಡು ಈ ಊರಾಗ."

ರಾಮಿಬಾಯಿಗೆ ನಗು ಬರಲಿಲ್ಲ. ಅವಳು ಬೆಳಗಾದರೆ ಹೊಟೇಲಿನ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಬಂದ್‌ನಿಂದಾಗಿ ಹೊಟೇಲಿನ ಅರ್ಧ ಆಳು ಕೆಲಸಕ್ಕೆ ಬಂದಿರಲಿಲ್ಲ. ದಳವಿ ಅವಳನ್ನೂ ಲಾಲಿಯನ್ನೂ ಒಳಗೆ ಕರೆದು ಹಾಸಿಗೆಯ ಬಟ್ಟೆ ಒಗೆಸಿದ, ಪಾಯಿಖಾನೆ ತೊಳೆಸಿದ. ಗಂಟು ಕೇಳಿದರೆ, ಇಷ್ಟು ಮುಗಿಸು ಕೊಡುತ್ತೇನೆ ಅಂದ. ಮುಗಿಸಿದರೆ, ಗೋದಾಮಿನ ಕೀಲಿ ಇಟ್ಟುಕೊಂಡವನು ಬಂದಿಲ್ಲ ಅಂದ. ಲಾಲಿ ತೊಟ್ಟಿಯ ಸೋಪಿನ ನೀರಲ್ಲಿ ಮೊಣಕೈವರೆಗೆ ಮುಳುಗಿದ್ದಾಗ ಅವನು ಹತ್ತಿರ ಬಂದು, ಚೆನ್ನಾಗಿ ತಿಕ್ಕು, ನಿಮ್ಮ ಮೈಯಷ್ಟು ಕೊಳೆ ಇದರಲ್ಲಿ ಇರಬಾರದು ಎಂದು ಹೇಳಿ ಹೋದ.

ಲಾಲಿ ತಿಕ್ಕುತ್ತಲೇ ಇದ್ದಳು. ಸಂಜೆ ಗುಡಿಸಲಿಗೆ ಬಂದ ಮೇಲೆ ತಾಯಿಗೆ, "ಯಾಡೀ, ನನಗ ಆ ಫೇಟಿಯಾ ಬ್ಯಾಡ. ಹಳೇದು ಉಟ್ಟು ಲಗ್ನ ಆಕ್ಕೇನಿ," ಎಂದಳು.

"ಬಾಯಿ ಮುಚ್ಚು," ಎಂದಳು ರಾಮಿಬಾಯಿ. ಮಗಳ ಮುಖ ನೋಡಲಿಲ್ಲ. ನೋಡಿದ್ದರೆ ತಾನೂ ಹಾಗೇ ಅಂದುಬಿಡುತ್ತಿದ್ದಳೇನೋ.

*

ಒಂದು ಮುಂಜಾನೆ ಕಂಠೆಪ್ಪನೇ ಗುಡಿಸಲಿಗೆ ಬಂದ. ಖಾಕಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದಿದ್ದ.

ಆವತ್ತು ಮಧ್ಯಾಹ್ನ ದಾಬೋಳಿಯಿಂದ ವಿಮಾನವಿದೆ. ಅದು ತಪ್ಪಿದರೆ ಮುಂದಿನದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ರಸ್ತೆಯಲ್ಲಿ ಮೋಟಾರು ಹೋಗುವ ಹಾಗಿಲ್ಲ, ಆದರೆ ಬಾಣಾವಲಿಯಿಂದ ವೆಲ್ಸಾಂವದವರೆಗೆ ಮರಳು ಒಂದೇ ಪಟ್ಟಿ. ಮರಳಿನ ಮೇಲೆ ಯಾರೂ ಮರ ಕಡಿದು ಹಾಕಿಲ್ಲ. ವೆಲ್ಸಾಂವದಲ್ಲಿ ಜೀಪು ನಿಂತಿರುತ್ತದೆ. ಗೆಸ್ಟುಗಳು ನಡೆಯುತ್ತಾರೆ. ಅವರ ಪೆಟ್ಟಿಗೆ ಹೊರುವವರು ಬೇಕು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಿಬಾಯಿ ನಿಧಾನವಾಗಿ ಎದ್ದು ತಾನುಟ್ಟ ಫೇಟಿಯಾದ ಧೂಳು ಜಾಡಿಸಿದಳು.

"ಅಂದ್ರ ಇವತ್ತ ಉಸುಕಿನ ಮ್ಯಾಲ ನಾವು ಕಾಲಿಟ್ರ ನಿಮ್ಮ ಸಾಹೇಬನ ಸಮುದ್ರ ಹೊಲಸ ಆಗೂದಿಲ್ಲೇನೋ ಕಂಠ್ಯಾ?"

"ನನಗ್ಯಾಕ ಕೇಳ್ತಿ ಬೇ. ನಾನೂ ನಿಮ್ಮಂಗ ಹೊಟ್ಟಿಗೆ ಬಂದಾಂವ."

"ನೀ ನಮ್ಮಂಗ ಅಲ್ಲಪಾ. ನಿನಗ ಅಂಗಿಗೆ ಗುಂಡಿ ಅದಾವ."

ರಾಮಿಬಾಯಿ ಕೇಳಿದ್ದು ಒಂದೇ ಮಾತು: ಗಂಟು? ವೆಲ್ಸಾಂವ ಮುಟ್ಟಿಸಿ ಬಂದರೆ ಗೋದಾಮು ತೆಗೆಸುತ್ತೇನೆಂದು ಸಾಹೇಬರು ಹೇಳಿದ್ದಾರೆ ಅಂದ ಕಂಠೆಪ್ಪ. ಅದನ್ನು ಹೇಳುವಾಗ ಟೊಪ್ಪಿಗೆಯ ಒಳಗನ್ನು ನೋಡುತ್ತಿದ್ದ.

ಹೊರಟರು. ಮುಂದೆ ಬಿಳಿಯರ ಗುಂಪು, ಅವರ ನಡುವೆ ಪ್ಯಾಂಟು ಮಡಿಚಿ ಬೂಟು ಕೈಯಲ್ಲಿ ಹಿಡಿದ ದಳವಿ. ಹಿಂದೆ ಸಾಲಾಗಿ ಲಂಬಾಣಿ ಹೆಂಗಸರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಪೆಟ್ಟಿಗೆ. ಸಾಲಿನ ಮುಂದೆ ರಾಮಿಬಾಯಿ. ಅವಳ ತಲೆಗೆ ಕಂಠೆಪ್ಪ ಹಸಿರು ಕ್ಯಾನ್ವಾಸಿನ ಉದ್ದ ಚೀಲವೊಂದನ್ನು ಎತ್ತಿಟ್ಟ. ಅದು ಹುಲ್ಲಿನ ಟೊಪ್ಪಿಗೆಯವಳದು. ಆಕೆ ಹತ್ತಿರ ಬಂದು ರಾಮಿಬಾಯಿಯ ತೋಳು ಮುಟ್ಟಿ ಏನೋ ಹೇಳಿದಳು, ಒಂದು ಬಿಸ್ಕೀಟಿನ ಪುಡಿಕೆ ಕೊಟ್ಟಳು. ರಾಮಿಬಾಯಿ ಅದನ್ನು ಹಿಂದೆ ಲಾಲಿಗೆ ದಾಟಿಸಿದಳು.

ಕೋಲ್ವಾ ದಾಟುವಷ್ಟರಲ್ಲಿ ಬಿಳಿಯರ ಕಾಲು ಸೋತವು. ವಯಸ್ಸಾದ ಒಬ್ಬ ಗಂಡಸು ಕೂತುಬಿಟ್ಟ. ಅವನ ಹೆಂಡತಿ ಟವೆಲಿನಿಂದ ಗಾಳಿ ಹಾಕಿದಳು. ಅವರು ಕುಡಿಯುವ ನೀರಿನ ಬಾಟಲಿಗಳು ಅವರವರಲ್ಲೇ ಸುತ್ತಿದವು. ಹೊರೆ ಹೊತ್ತವರಿಗೆ ನೀರು ಬೇಕಾದೀತೆಂದು ದಳವಿಗೆ ಹೊಳೆಯಲಿಲ್ಲ. ದೋಣಿಯ ನೆರಳಲ್ಲಿ ಒಣಮೀನು ಮಗುಚುತ್ತಿದ್ದ ಕೊಂಕಣಿ ಹೆಂಗಸೊಬ್ಬಳು ಇವರನ್ನು ನೋಡಿ, ಏನೂ ಕೇಳದೆ, ಕೊಡ ತಂದು ಬೊಗಸೆಬೊಗಸೆಗೆ ಸುರಿದಳು. ನಿಮ್ಮ ಗಂಡಸರು ಎಲ್ಲಿ ಎಂದಳು. ಫೋಂಡಾದಲ್ಲಿ ಎಂದಳು ರಾಮಿಬಾಯಿ ಅವಳದೇ ಮಾತಿನಲ್ಲಿ. ನನ್ನವನೂ ಮಡಗಾಂವಕ್ಕೆ ಹೋದವನು ಬಂದಿಲ್ಲ ಎಂದಳು ಆಕೆ, ಮೀನಿನ ಕಡೆ ತಿರುಗುತ್ತ.

*

ಬಿಸಿಲು ಏರಿತು. ಗಟ್ಟಿ ಮರಳು ಮುಗಿದು ಕಾಲು ಹೂಳುವ ಮರಳು ಬಂತು. ಹೆಜ್ಜೆ ಕಿತ್ತು ಹೆಜ್ಜೆ ಇಡಬೇಕು. ಹಾಗೆ ಕಿತ್ತಿಡುವಾಗ ರಾಮಿಬಾಯಿಗೆ ಎಲ್ಲೋ ಗೆಜ್ಜೆಯ ಸದ್ದು ಕೇಳಿತು.

ಲಾಲಿಯ ಕಾಲಿನದು ಅಂದುಕೊಂಡಳು. ಲಾಲಿ ಹೊರಡುವಾಗಲೇ ಅದನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದು ನೆನಪಾಯಿತು. ತನ್ನ ಜಡೆಯ ಬೆಳ್ಳಿ ಗೊಂಡೆಯೇ? ಅದು ಇಷ್ಟು ದಪ್ಪ ದನಿಯದಲ್ಲ. ನಿಂತಳು. ಸದ್ದು ನಿಂತಿತು. ಕತ್ತನ್ನು ಒಂದಿಷ್ಟು ಓಲಿಸಿದಳು. ನೆತ್ತಿಯ ಮೇಲೆ, ಕ್ಯಾನ್ವಾಸಿನ ಒಳಗೆ, ಬಟ್ಟೆಗಳಡಿ ಹುಗಿದಂತೆ ಹಿತ್ತಾಳೆ ಅಲುಗಿತು. ಅದರ ನಡುವೆ ಒಂದು ಒಡಕು ದನಿ. ಅವಳ ತಾಯಿ ನೀರಿಗೆ ಹೋಗಿ ಬರುವಾಗ ತಾಂಡಾದ ಯಾವ ಮೂಲೆಯಲ್ಲಿದ್ದರೂ ಅವಳು ಗುರುತು ಹಿಡಿಯುತ್ತಿದ್ದದ್ದು ಆ ಒಡಕು ಗೆಜ್ಜೆಯಿಂದ.

ಹಿಂದಿನಿಂದ ಮಂಗಿಬಾಯಿ ಏನಾಯಿತೆಂದು ಕೇಳಿದಳು. ರಾಮಿಬಾಯಿ ಪಕ್ಕದಲ್ಲಿ ನಡೆಯುತ್ತಿದ್ದ ಕಂಠೆಪ್ಪನ ಕಡೆ ತಿರುಗಿದಳು.

"ಕಂಠೆಪ್ಪಣ್ಣಾ. ನನ್ನ ತಲಿ ಮ್ಯಾಲ ಏನೈತಿ?"

"ಚೀಲ ಐತೆವಾ."

"ಚೀಲದಾಗ?"

ಅವನು ಕಡಲಿನ ಕಡೆ ನೋಡಿದ.

"ನಿನ್ನ ಮಕ್ಕಳ ಆಣಿ. ಖರೇ ಹೇಳು."

"ಗಂಟ ಒಯ್ದ ದಿನಾನ ಕೊಟ್ಟಬಿಟ್ರು ಆಕಿಗೆ," ಎಂದ ಕಂಠೆಪ್ಪ. "ಆಕಿ ರೊಕ್ಕ ಕೊಟ್ಟಾಳ. ಸಾಹೇಬ್ರು ಇಟಗೊಂಡಾರ. ಉಳಿದ ಸಾಮಾನ ಗೋದಾಮನ್ಯಾಗ ಅದಾವ, ಅದನರ ಕೊಡಸ್ತೇನಿ. ಈಗ ಸುಮ್ನ ನಡಿಯವಾ. ಇಲ್ಲಿ ಬಾಯಿ ಮಾಡಿದ್ರ ನನಗೂ ನಿನಗೂ ಇಬ್ಬರಿಗೂ ಕೇಡು."

ರಾಮಿಬಾಯಿ ನಡೆದಳು. ಏನು ಮಾಡಬೇಕೆಂದು ತಿಳಿಯದ್ದಕ್ಕೆ ನಡೆದಳು. ಪಾಯಿಖಾನೆ ತೊಳೆದ ದಿನ, ಬಟ್ಟೆ ಒಗೆದ ದಿನ, ಕೀಲಿ ಕೇಳುತ್ತ ಹಿಂಬಾಗಿಲಲ್ಲಿ ನಿಂತ ದಿನ, ಅಷ್ಟೂ ದಿನ ಗೋದಾಮಿನಲ್ಲಿ ಅದು ಇರಲೇ ಇಲ್ಲ. ಈಗ ಮಗಳ ಮದುವೆಯನ್ನು ತನ್ನ ತಲೆಯ ಮೇಲೇ ಹೊತ್ತು, ತನ್ನ ಕಾಲಿನಿಂದಲೇ ನಡೆದು, ವಿಮಾನಕ್ಕೆ ಮುಟ್ಟಿಸಲು ಹೊರಟಿದ್ದಾಳೆ. ಹೆಜ್ಜೆ ಇಟ್ಟಲ್ಲೆಲ್ಲ ಒಡಕು ಗೆಜ್ಜೆ ಅದನ್ನೇ ಹೇಳುತ್ತಿತ್ತು.

ಮುಂದಿನ ಊರಿನ ದಾರಿ ಕಡಲಿಗೆ ಸೇರುವ ಕಡೆ ಹತ್ತಿಪ್ಪತ್ತು ಹುಡುಗರು ಬಿದಿರು ದೊಣ್ಣೆ ಹಿಡಿದು ಕೂತಿದ್ದರು. ಬಿಳಿಯರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ದಳವಿ ಎರಡೂ ಕೈ ಮೇಲೆತ್ತಿ ನಗುತ್ತ ಹೋದ. ಕೊಂಕಣಿಯಲ್ಲಿ ಮಾತಾಯಿತು. ಹುಡುಗರು ಬಿಳಿಯರಿಗೆ ದಾರಿ ಬಿಟ್ಟರು. ಅವರಲ್ಲೊಬ್ಬ ಆ ವಯಸ್ಸಾದ ಬಿಳಿಯನನ್ನು ಕೈ ಹಿಡಿದು ದಾಟಿಸಿದ ಸಹ. ಆದರೆ ಹೊರೆ ಹೊತ್ತವರ ಎದುರು ದೊಣ್ಣೆ ಅಡ್ಡ ಬಂತು. ಈ ಘಾಂಟಿಗಳು ಯಾಕೆ, ಇವರನ್ನು ತಂದು ತುಂಬಿಕೊಂಡಿದ್ದಕ್ಕೇ ಇಷ್ಟೆಲ್ಲ ಆದದ್ದು ಎಂದ ಒಬ್ಬ.

ದಳವಿ ಅವನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಹೇಳಿದ: ಈಗ ಬಿಡಿ, ಗೆಸ್ಟುಗಳ ಮುಂದೆ ಬೇಡ, ನಮ್ಮ ಗೋವೆಯ ಹೆಸರು ಕೆಡುತ್ತದೆ. ಪೆಟ್ಟಿಗೆ ಮುಟ್ಟಿಸಿ ಇವರು ವಾಪಸು ಇದೇ ದಾರಿಯಲ್ಲಿ ಬರುತ್ತಾರೆ. ಆಗ ನಾನಿರುವುದಿಲ್ಲ. ಇವರು ನಮ್ಮ ಹೊಟೇಲಿನವರೂ ಅಲ್ಲ. ನಿಮಗೆ ತಿಳಿದ ಹಾಗೆ ಮಾಡಿಕೊಳ್ಳಿ.

ಹುಡುಗರು ನಕ್ಕರು. ದೊಣ್ಣೆ ಸರಿಯಿತು.

ಕಡಲ ದಂಡೆಯಲ್ಲಿ ವರ್ಷಾನುಗಟ್ಟಲೆ ಬಟ್ಟೆ ಮಾರಿದವರಿಗೆ ಕೊಂಕಣಿ ಬರುತ್ತದೆಂಬುದು ದಳವಿಯ ತಲೆಗೆ ಬಂದೇ ಇರಲಿಲ್ಲ. ಸಾಲಿನಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂಗಿಬಾಯಿ ಮಾತ್ರ ಹಲ್ಲು ಕಚ್ಚಿ, "ಹಲ್ಕಟ್ ಸೂಳೇಮಗ," ಎಂದಳು, ಪ್ರಾರ್ಥನೆಯ ದನಿಯಲ್ಲಿ.

*

ಅಲ್ಲಿಂದ ಸ್ವಲ್ಪ ಮುಂದೆ ಒಂದು ಹಳ್ಳ ಕಡಲಿಗೆ ಸೇರುತ್ತಿತ್ತು. ಇಳಿತದ ಹೊತ್ತಿನಲ್ಲಿ ಹಿಮ್ಮಡಿ ನೆನೆಯುವಷ್ಟೇ ಇರುವ ನೀರು ಈಗ ಭರತ ಏರಿ ತೊಡೆಯವರೆಗೆ ಬಂದಿತ್ತು. ಕಂಠೆಪ್ಪ ಬಿಳಿಯರನ್ನು ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಿದ. ದಳವಿಯೂ ಆಚೆ ದಡ ಸೇರಿ, ಗಡಿಯಾರ ನೋಡಿಕೊಂಡು, ಜಲ್ದಿ ಜಲ್ದಿ ಎಂದು ಕೈಬೀಸಿದ.

ರಾಮಿಬಾಯಿ ನೀರಿಗಿಳಿದಳು. ಹಳ್ಳದ ನಡುವಿಗೆ ಬಂದಳು. ಅಲ್ಲಿ ನಿಂತಳು.

ಹೊರೆ ಹೊತ್ತ ಸಾಲಿನಲ್ಲಿ ಮುಂದಿನವಳು ನಿಂತರೆ ಹಿಂದಿನವರೆಲ್ಲ ನಿಲ್ಲುವುದು ಲಂಬಾಣಿಗರ ರೂಢಿ. ಎತ್ತಿನ ಬೆನ್ನ ಮೇಲೆ ಉಪ್ಪು, ಕಾಳು ಹೇರಿಕೊಂಡು ಹಿರಿಯರು ದೇಶ ಸುತ್ತಿದ ಕಾಲದಿಂದ ಬಂದದ್ದು ಅದು. ಯಾಕೆ ನಿಂತೆ ಎಂದು ಕೇಳುವ ಹಾಗಿಲ್ಲ. ಮುಂದಿನವಳ ಕಾಲಿಗೆ ಏನು ಸಿಕ್ಕಿದೆ ಎಂಬುದು ಅವಳಿಗೇ ಗೊತ್ತು. ಲಾಲಿ ನಿಂತಳು, ಮಂಗಿಬಾಯಿ ನಿಂತಳು, ಉಳಿದವರು ದಡದ ಮೇಲೇ ನಿಂತರು. ತಲೆಯ ಮೇಲಿನ ಬಣ್ಣಬಣ್ಣದ ಪೆಟ್ಟಿಗೆಗಳ ಸಾಲು ನೀರಿನ ಮೇಲೆ ಅಲುಗದೆ ನಿಂತಿತು.

ದಳವಿ ಮೊದಲು ಕೂಗಿದ, ಆಮೇಲೆ ಬೈದ, ಆಮೇಲೆ ಕಂಠೆಪ್ಪನನ್ನು ನೀರಿಗೆ ಅಟ್ಟಿದ.

"ಬಾರವಾ ರಾಮಿಬಾಯಿ. ನೀರು ಏರಾಕತ್ತೈತಿ."

"ಏರಲಿ. ನಿನ್ನ ಸಾಹೇಬಗ ಇಲ್ಲಿಗಿ ಬಾ ಅನ್ನು."

"ಅವ್ರು ನೀರಾಗ ಬರ್ತಾರೇನ?"

"ನಾ ಅವನ ಪಾಯಿಖಾನಿಗಿ ಹೋಗೇನಿ. ಅವ ಈ ನೀರಿಗಿ ಬರಲಿ."

ಅಲೆಯೊಂದು ಹಳ್ಳದ ಬಾಯಿಗೆ ನುಗ್ಗಿ ಅವಳ ಸೊಂಟ ಮುಟ್ಟಿತು. ಆಚೆ ದಡದಲ್ಲಿ ಬಿಳಿಯರು ಗಾಬರಿಯಾಗಿ ಗಡಿಯಾರ, ಆಕಾಶ, ಪೆಟ್ಟಿಗೆ ನೋಡುತ್ತಿದ್ದರು. ದಳವಿ ಬಂದ. ಮಡಿಚಿದ ಪ್ಯಾಂಟು ನೆನೆಯಿತು, ಷರ್ಟಿನ ತುದಿ ನೆನೆಯಿತು. ಹತ್ತಿರ ಬಂದವನೇ ಕೈ ಎತ್ತಿದ. ರಾಮಿಬಾಯಿ ಚೀಲವನ್ನು ಒಂದು ಕೈಯಿಂದ ಅಲೆಯ ಕಡೆಗೆ ವಾಲಿಸಿದಳು. ಎತ್ತಿದ ಕೈ ಹಾಗೇ ಇಳಿಯಿತು.

"ಈ ಚೀಲದಾಗ ಏನೈತಿ, ಯಾರದೈತಿ, ಆ ಮೇಡಮ್‌ಗ ಹೇಳು," ಎಂದಳು ರಾಮಿಬಾಯಿ. ಕನ್ನಡದಲ್ಲೇ ಹೇಳಿದಳು. ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದಳು, ಆಮೇಲೆ ಕೊಂಕಣಿಯಲ್ಲಿ. ಕೊಂಕಣಿ ಕೇಳಿದಾಗ ದಳವಿಯ ಮುಖದ ಬಣ್ಣ ಇಳಿಯಿತು. ಹುಡುಗರ ಹತ್ತಿರ ಆಡಿದ ಮಾತು ನೆನಪಾಗಿರಬೇಕು.

ಅವನು ದನಿ ತಗ್ಗಿಸಿದ. ಹಣ ಕೊಡುತ್ತೇನೆ ಅಂದ. ಗೋದಾಮಿನ ಗಂಟು ಸಂಜೆಯೇ ಕಳಿಸುತ್ತೇನೆ ಅಂದ. ಇನ್ನು ಮೇಲೆ ಹೊಟೇಲಿನ ಎದುರೇ ಕೂತು ಮಾರು, ಯಾರೂ ಎಬ್ಬಿಸುವುದಿಲ್ಲ ಅಂದ. ವಿಮಾನ ತಪ್ಪಿದರೆ ಈ ಜನ ಮತ್ತೆಂದೂ ಬರುವುದಿಲ್ಲ, ಅವರು ಬರದಿದ್ದರೆ ನಿಮ್ಮ ಹೊಟ್ಟೆಗೂ ಕಲ್ಲು ಎಂದ. ಅದೊಂದು ಮಾತು ಸುಳ್ಳಾಗಿರಲಿಲ್ಲ. ಅವಳು ಕೇಳಿದ್ದನ್ನು ಮಾತ್ರ ಅವನು ಆ ಮೇಡಮ್‌ಗೆ ಹೇಳಲಿಲ್ಲ.

ಹೇಳಿದವಳು ಲಾಲಿ. ತಲೆಯ ಮೇಲೆ ಪೆಟ್ಟಿಗೆ ಹಿಡಿದುಕೊಂಡೇ, ಆಚೆ ದಡಕ್ಕೆ ಕೇಳುವಂತೆ, ಗಿರಾಕಿಗಳಿಂದ ಕಲಿತ ಇಂಗ್ಲಿಷಿನಲ್ಲಿ ಕೂಗಿದಳು.

"ಮೇಡಮ್, ರೆಡ್ ಸ್ಕರ್ಟ್, ಮೈ ಮ್ಯಾರೇಜ್. ಮೈ ಮದರ್ ನೋ ಸೆಲ್. ದಿಸ್ ಮ್ಯಾನ್ ಟೇಕ್."

ಹುಲ್ಲಿನ ಟೊಪ್ಪಿಗೆಯವಳು ಬಾಯಿಗೆ ಕೈ ಹಚ್ಚಿದಳು. ದಳವಿಯನ್ನು ನೋಡಿದಳು, ಲಾಲಿಯನ್ನು ನೋಡಿದಳು. ತಾನು ಹಣ ಕೊಟ್ಟಿದ್ದೇನೆ ಎಂದು ಎರಡು ಸಲ ಹೇಳಿದಳು, ಮೊದಲ ಸಲ ಗಟ್ಟಿಯಾಗಿ, ಎರಡನೆಯ ಸಲ ತನಗೇ ಹೇಳಿಕೊಳ್ಳುವ ಹಾಗೆ. ಜೊತೆಯವನೊಬ್ಬ ಅವಳ ಕಿವಿಯಲ್ಲಿ ವಿಮಾನದ ಮಾತೆತ್ತಿದ. ಆಕೆ ಗಡಿಯಾರ ನೋಡಿದಳು.

ರಾಮಿಬಾಯಿ ಅದನ್ನು ಕಂಡಳು. ಇನ್ನು ಯಾರನ್ನೂ ಕೇಳುವುದು ಉಳಿದಿರಲಿಲ್ಲ.

ಚೀಲವನ್ನು ತಲೆಯಿಂದ ಇಳಿಸಿ ಎದೆಗೆ ಆನಿಸಿಕೊಂಡು, ಹಲ್ಲಿನಿಂದಲೂ ಬೆರಳಿನಿಂದಲೂ ಜಿಪ್ಪು ಎಳೆದಳು. ಮೇಲಿನ ಬಟ್ಟೆ ಸರಿಸಿ ಕೈ ಆಳಕ್ಕೆ ಹಾಕಿದಳು. ಕೆಂಪು ಹೊರಗೆ ಬಂತು, ಮಡಿಕೆ ಮಡಿಕೆಯಾಗಿ, ಮುಗಿಯದಷ್ಟು. ಬಿಸಿಲು ಬಿದ್ದ ಕನ್ನಡಿಗಳ ಚುಕ್ಕೆ ದಳವಿಯ ಮುಖದ ಮೇಲೆಲ್ಲ ಓಡಾಡಿತು. ಅವನು ಒಂದು ತುದಿಗೆ ಕೈ ಹಾಕಿದ.

"ಬಿಡು," ಎಂದಳು ರಾಮಿಬಾಯಿ. "ಇದರ ಒಂದ ಎಳಿ ಹರದ್ರ ನಿನ್ನ ಇಲ್ಲೇ ಮುಳಗಸ್ತೇನಿ."

ಕಂಠೆಪ್ಪ ನಡುವೆ ಬಂದ. ದಳವಿ ತನಗಾಗಿ ಬಂದನೆಂದುಕೊಂಡ. ಕಂಠೆಪ್ಪ ಅವನ ಮಣಿಕಟ್ಟು ಹಿಡಿದು, ಬಟ್ಟೆಯಿಂದ ಬೆರಳು ಬಿಡಿಸಿ, "ಬಿಡ್ರಿ ಸಾಹೇಬ್ರ," ಎಂದ. ಅಷ್ಟೇ. ಆಮೇಲೆ ತಾನೇ ಹೆದರಿದವನಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

ರಾಮಿಬಾಯಿ ಚೀಲವನ್ನು ದಳವಿಯ ಎದೆಗೆ ತಳ್ಳಿದಳು. ಅದು ನೀರಿಗೆ ಬೀಳದಂತೆ ಅವನು ಎರಡೂ ಕೈಯಿಂದ ತಬ್ಬಿಕೊಳ್ಳಲೇಬೇಕಾಯಿತು. ಅವಳು ಮಗಳ ಕಡೆ ತಿರುಗಿದಳು. ಲಾಲಿ ತನ್ನ ತಲೆಯ ಪೆಟ್ಟಿಗೆಯನ್ನು ದಳವಿಯ ಹೆಗಲಿಗೆ ಒರಗಿಸಿ ಕೈಬಿಟ್ಟಳು. ರಾಮಿಬಾಯಿ ಅಲ್ಲೇ, ಹಳ್ಳದ ನಡುವೆ, ಫೇಟಿಯಾವನ್ನು ಮಗಳ ಸೊಂಟಕ್ಕೆ ಸುತ್ತಿ ಲಾಡಿ ಬಿಗಿದಳು. ಬಟ್ಟೆ ಉಪ್ಪುನೀರು ಕುಡಿದು ಭಾರವಾಯಿತು. ಬಣ್ಣ ಬಿಟ್ಟಿತು, ಇಬ್ಬರ ಸುತ್ತ ನೀರು ಕುಂಕುಮ ಕದಡಿದ ಹಾಗೆ ಕೆಂಪಗಾಯಿತು.

"ಕೆಡ್ತಲ್ಲ ಯಾಡೀ," ಎಂದಳು ಲಾಲಿ.

"ಕೆಡಲಿ. ನಿನ್ನ ಮೈಮ್ಯಾಲ ಕೆಡಲಿ."

ಮಂಗಿಬಾಯಿ ಹಿಂದಿನ ದಡಕ್ಕೆ ಮರಳಿ, ತನ್ನ ಪೆಟ್ಟಿಗೆಯನ್ನು ಒಣ ಮರಳಿನ ಮೇಲೆ, ನೀರು ಮುಟ್ಟದ ಕಡೆ, ಜೋಪಾನವಾಗಿ ಇಳಿಸಿದಳು. ಉಳಿದವರೂ ಇಳಿಸಿದರು. ಯಾರೂ ಎಸೆಯಲಿಲ್ಲ. ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿ, ಸಿಂಬಿ ಬಿಚ್ಚಿ ಜಾಡಿಸಿದರು. ದಳವಿ ನೀರಿನ ನಡುವೆ ಚೀಲ ತಬ್ಬಿ, ಹೆಗಲಲ್ಲಿ ಪೆಟ್ಟಿಗೆ ಆನಿಸಿಕೊಂಡು, ಅಲ್ಲಾಡಲಾರದೆ, ಪೊಲೀಸು, ಲಾಕಪ್ಪು, ಬೂಟು ಎಂದು ಏನೇನೋ ಕೂಗುತ್ತಿದ್ದ. ಆಚೆ ದಡದಿಂದ ಆ ಮುದುಕ ಬಿಳಿಯ ಒಬ್ಬನೇ ನೀರಿಗಿಳಿದು ಈಚೆಗೆ ಬಂದ. ತನ್ನ ಪೆಟ್ಟಿಗೆ ಗುರುತಿಸಿ, ಹೆಂಗಸರು ಎತ್ತಿದ್ದನ್ನು ನೋಡಿ ಕಲಿತಂತೆ, ಎರಡೂ ಕೈಯಿಂದ ತಲೆಯ ಮೇಲಿಟ್ಟುಕೊಂಡು ತತ್ತರಿಸುತ್ತ ಮರಳಿದ. ಅವನನ್ನು ನೋಡಿ ಉಳಿದವರೂ ಇಳಿಯತೊಡಗಿದರು.

ಹೆಂಗಸರು ಅದನ್ನೆಲ್ಲ ನೋಡುತ್ತ ನಿಲ್ಲಲಿಲ್ಲ. ಬಂದ ದಾರಿಗೆ ತಿರುಗಿದರು. ಕೂಲಿ ಇಲ್ಲ, ಗೋದಾಮಿನ ಗಂಟು ಇನ್ನು ಸಿಗುವುದಿಲ್ಲ, ನಾಳೆ ಬಾಣಾವ‍ಲಿಯಲ್ಲಿ ಗುಡಿಸಲು ಉಳಿದಿರುತ್ತದೋ ಇಲ್ಲವೋ ತಿಳಿಯದು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಇನ್ನೊಂದು: ದೂರದಲ್ಲಿ, ದಾರಿ ಕಡಲಿಗೆ ಸೇರುವ ಕಡೆ, ಹುಡುಗರು ಇನ್ನೂ ಕೂತಿದ್ದರು.

"ಗಿಡದ ಮರಿಗಿ ಹೋಗೂಣೇನ?" ಎಂದಳು ಮಂಗಿಬಾಯಿ, ಗಾಳಿಮರಗಳ ತೋಪಿನ ಕಡೆ ಕಣ್ಣು ಮಾಡಿ.

ರಾಮಿಬಾಯಿ ತಲೆ ಅಲ್ಲಾಡಿಸಿದಳು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಒದ್ದೆ ಮರಳಿನ ನಟ್ಟನಡುವೆ ನಡೆದಳು. ಈ ಸಲ ಸಾಲಿರಲಿಲ್ಲ. ತಲೆಯ ಮೇಲೆ ಏನೂ ಇಲ್ಲದ್ದರಿಂದ ಎಲ್ಲರೂ ಅಕ್ಕಪಕ್ಕ, ದಂಡೆಯ ಅಗಲಕ್ಕೂ ಹರಡಿಕೊಂಡು ಬಂದರು.

ಹುಡುಗರು ಎದ್ದು ನಿಂತರು. ಆಗ ಮಾತಾಡಿದ್ದವನು ದೊಣ್ಣೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ ಮುಂದೆ ಬಂದ. ಲಾಲಿಯ ಒದ್ದೆ ಫೇಟಿಯಾದಿಂದ ಕೆಂಪು ನೀರು ತೊಟ್ಟಿಕ್ಕುವುದನ್ನು ನೋಡಿದ. ಅದು ರಕ್ತವೋ ಬಣ್ಣವೋ ಅವನಿಗೆ ಗೊತ್ತಾಗಲಿಲ್ಲ.

"ಖಂಯ್ ವತಾ ಗೊ?" ಎಂದು ಕೇಳಿದ. ಎಲ್ಲಿಗೆ ಹೊರಟೆ ಎಂದು.

"ಘರಾ," ಎಂದಳು ರಾಮಿಬಾಯಿ. ಮನೆಗೆ.

ದೊಣ್ಣೆ ಮೇಲೆದ್ದಿತು. ಅವಳು ನಡಿಗೆ ನಿಧಾನ ಮಾಡಲಿಲ್ಲ.